ಬೀಗದಕ್ಕನ ಮನೆಯ ಒದ್ದೆ ನೆಲ

ಬೀಗದಕ್ಕ ಆ ನಾಯಿಯನ್ನು ಮೊದಲ ಸಲ ನೋಡಿದ್ದು ಕೆಲಸದ ಮೇಲೆ ಹೋದಾಗ. ಬಸ್ ನಿಲ್ದಾಣದ ಹಿಂದಿರುವ ಐದು ಮಹಡಿಯ ಕಟ್ಟಡದಿಂದ ಫೋನ್ ಬಂದಿತ್ತು. ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇರುವ ವಯಸ್ಸಾದ ಹೆಂಗಸು ಮನೆಯೊಳಗೆ ಬಿದ್ದಿದ್ದಾರೆ, ನೆಲಕ್ಕೆ ಕುಟ್ಟುತ್ತಿದ್ದಾರೆ, ಬಾಗಿಲು ಒಳಗಿನಿಂದ ಹಾಕಿದೆ, ಬೇಗ ಬನ್ನಿ ಎಂದು ಪಕ್ಕದ ಮನೆಯವರು ಹೇಳಿದರು. ಬೀಗದಕ್ಕ ಸಾಮಾನಿನ ಚೀಲವನ್ನು ಹೆಗಲಿಗೇರಿಸಿ ಸ್ಕೂಟರ್ ಹತ್ತಿದಳು. ಹೋಗಿ ಆರು ನಿಮಿಷದಲ್ಲಿ ಬಾಗಿಲು ತೆಗೆದಳು. ಹೆಂಗಸು ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದಿದ್ದರು. ಸೊಂಟ ಮುರಿದಿತ್ತು, ಎಚ್ಚರ ತಪ್ಪಿರಲಿಲ್ಲ. ಅವರ ತೋಳಿಗೆ ಒತ್ತಿಕೊಂಡು ಒಂದು ಕಂದು ಬಣ್ಣದ ನಾಯಿ ಮಲಗಿತ್ತು. ಅಷ್ಟು ಜನ ನುಗ್ಗಿದರೂ ಅದು ಬೊಗಳಲಿಲ್ಲ, ಏಳಲೂ ಇಲ್ಲ.

ಸ್ಟ್ರೆಚರ್ ಮೇಲೆ ಮಲಗಿಸುವಾಗ ಆ ಹೆಂಗಸು ಮಾತಾಡಿದ್ದು ತನ್ನ ಸೊಂಟದ ಬಗ್ಗೆ ಅಲ್ಲ. "ಅದಕ್ಕೆ ಹೊರಗೆ ಹೋಗಿ ಗೊತ್ತಿಲ್ಲಮ್ಮ. ಬಚ್ಚಲಲ್ಲಿ ಅದಕ್ಕೆ ಹಾಸೋ ಪ್ಯಾಡ್ ಇದೆ, ಒಂದು ಎರಡು ಎಲ್ಲ ಅದರ ಮೇಲೇ, ದಿನಾ ಬದಲಾಯಿಸ್ಬೇಕು" ಎಂದರು, ಯಾರ ಮುಖವನ್ನೂ ನೋಡದೆ. ಹತ್ತಿರ ಇದ್ದವಳು ಬೀಗದಕ್ಕ. ಅವಳು ಹೂಂ ಅಂದಳು. ಆ ಹೂಂ ಅಂದದ್ದೇ ತನಗೆ ಬಂದು ಸುತ್ತಿಕೊಂಡಿತು ಎಂದು ಆಮೇಲೆ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾಳೆ.

ನಾನು ಅವಳ ಎದುರಿನ ಅಂಗಡಿಯವಳು. ಹಳೆಯ ಪುಸ್ತಕಗಳನ್ನು ಹೊಲಿದು ರಟ್ಟು ಹಾಕಿಕೊಡುವುದು ನನ್ನ ಕೆಲಸ. ನಮ್ಮಿಬ್ಬರ ಅಂಗಡಿಗಳ ನಡುವೆ ಬೀದಿಯ ಅಗಲ ಹದಿನಾಲ್ಕು ಹೆಜ್ಜೆ. ಇಪ್ಪತ್ತು ವರ್ಷದಿಂದ ಅದನ್ನು ದಾಟಿಕೊಂಡೇ ನಮ್ಮ ಚಹಾ, ಜಗಳ, ಮಾತು ಎಲ್ಲ ನಡೆದಿದೆ. ವಯಸ್ಸಿನಲ್ಲಿ ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಆದರೂ ಅವರು ಇವರು ಎಂದು ಬರೆಯಲು ಕೈ ಬರುವುದಿಲ್ಲ.

ಅಂಗಡಿ ಅವಳ ಅಪ್ಪನದು. ಬೀಗ ಕೈಗೆ ಕೊಟ್ಟರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗೆ ಯಾವ ಸ್ಪ್ರಿಂಗ್ ಸತ್ತಿದೆ ಎಂದು ಹೇಳುತ್ತಿದ್ದವರು ಅವರು. ಇಬ್ಬರು ಹೆಣ್ಣುಮಕ್ಕಳಲ್ಲಿ ಚಿಕ್ಕವಳು ಓದಿ, ಮದುವೆಯಾಗಿ, ಊರಿನ ಇನ್ನೊಂದು ಮೂಲೆಗೆ ಹೋದಳು. ದೊಡ್ಡವಳು ಹತ್ತನೇ ವಯಸ್ಸಿನಲ್ಲಿ ಕೀಲಿಕೈ ಉಜ್ಜುವ ಅರ ಹಿಡಿದು ಕೂತವಳು ಮತ್ತೆ ಏಳಲಿಲ್ಲ. ಹೆಣ್ಣು ನೋಡಲು ಬಂದವರೆಲ್ಲ ಅವಳ ಬೆರಳುಗಳ ಕಪ್ಪನ್ನು ನೋಡಿ ಹೋದರಂತೆ. ಅದನ್ನು ಅವಳು ಬೇಸರವಿಲ್ಲದೆ, ಬೇರೆ ಯಾರದೋ ಸುದ್ದಿ ಎಂಬಂತೆ ಹೇಳುತ್ತಾಳೆ. ಅಮ್ಮ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಅಪ್ಪನಿಗೆ ಎಂಬತ್ತೊಂದು. ಕೈ ನಡುಗಲು ಶುರುವಾದ ಮೇಲೆ ಅವರು ಅಂಗಡಿಗೆ ಇಳಿಯುವುದನ್ನು ಬಿಟ್ಟು, ಮೇಲಿನ ಮನೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಿದ್ದರು. ಯಾರ ಹಂಗೂ ಇಲ್ಲದೆ ಬದುಕಿದ ಮನುಷ್ಯ. ಮೆಟ್ಟಿಲಲ್ಲಿ ಯಾರಾದರೂ ತೋಳು ಹಿಡಿಯಲು ಬಂದರೆ, "ನಾನೇನು ಬೀಳೋ ಗೋಡೆನಾ?" ಎಂದು ಕೊಡವಿಬಿಡುತ್ತಿದ್ದರು.

ಸೊಂಟ ಮುರಿದ ಆ ಹೆಂಗಸನ್ನು ಅವರ ಅಣ್ಣನ ಮಗಳು ತನ್ನೂರಿಗೆ ಕರೆದುಕೊಂಡು ಹೋದಳು. ನಾಯಿಗೆ ಅಲ್ಲಿ ಜಾಗವಿರಲಿಲ್ಲ. ಮೂರು ವಾರದ ನಂತರ ಬೀಗದಕ್ಕ ಪ್ರಾಣಿಗಳ ಆಸ್ಪತ್ರೆಯ ಗೇಟಿಗೆ ಹೊಸ ಬೀಗ ಕೂರಿಸಲು ಹೋದಾಗ, ಹಿಂಭಾಗದ ಶೆಡ್ಡಿನ ಕೊನೆಯ ಗೂಡಿನಲ್ಲಿ ಅದೇ ನಾಯಿ ಕಂಡಿತು. ಬಾಗಿಲಿನ ಚಿಲಕಕ್ಕೆ ಮೂಗು ಒತ್ತಿಕೊಂಡು ಕೂತಿತ್ತು. ಅಲ್ಲಿನ ಡಾಕ್ಟರಮ್ಮ ದಿಕ್ಕಿಲ್ಲದ ನಾಯಿಗಳನ್ನು ಇಟ್ಟುಕೊಂಡು ಮನೆ ಹುಡುಕಿಕೊಡುವವರು. ಇದಕ್ಕೆ ಆರು ವರ್ಷ, ಇಷ್ಟು ಬೆಳೆದ ನಾಯಿಯನ್ನು ಯಾರೂ ಒಯ್ಯುವುದಿಲ್ಲ, ಅದರಲ್ಲೂ ಪ್ಯಾಡ್ ಮೇಲೆ ಬಿಟ್ಟರೆ ಬೇರೆಲ್ಲೂ ಒಂದಕ್ಕೂ ಹೋಗುವುದಿಲ್ಲ ಎರಡಕ್ಕೂ ಹೋಗುವುದಿಲ್ಲ ಎಂದರೆ ಕೇಳಿದವರು ಹಾಗೇ ತಿರುಗಿ ಹೋಗುತ್ತಾರೆ ಎಂದು ಅವರು ಹೇಳಿದರು. ಬೀಗದಕ್ಕ ಬೀಗ ಕೂರಿಸಿದಳು, ಎರಡು ಸಲ ತೆಗೆದು ಹಾಕಿ ನೋಡಿದಳು, ಚೀಲ ಕಟ್ಟಿದಳು. ಆಮೇಲೆ ಸ್ಕೂಟರಿನ ಮುಂದೆ ನಾಯಿಯನ್ನು ನಿಲ್ಲಿಸಿಕೊಂಡು ಬಂದಳು.

ಅಪ್ಪ ಕಿಟಕಿಯಿಂದ ನೋಡಿದವರು ಮೆಟ್ಟಿಲ ತುದಿಗೆ ಬಂದು ನಿಂತಿದ್ದರಂತೆ. ಇದನ್ನು ಯಾಕೆ ತಂದೆ ಎಂದು ಕೇಳಿದರು, ಅವಳು ಹೇಳಿದಳು. ಪ್ಯಾಡಿನ ಕತೆಯನ್ನೂ ಮುಚ್ಚಿಡಲಿಲ್ಲ. ಅಪ್ಪ ನಾಯಿಯನ್ನು ಮೇಲಿಂದ ಕೆಳಗೆ ನೋಡಿ, "ಜಗತ್ತಿಗೆಲ್ಲ ಬೀಗ ಹಾಕಿಕೊಡೋಳು, ಬಂದ್ ಮಾಡೋಕೆ ಬರದ ನಲ್ಲಿ ತಂದಿದ್ದೀಯಲ್ಲ" ಎಂದರು. ಆದರೆ ನಾಯಿ ಮನೆಯೊಳಗೆ ಕಾಲಿಟ್ಟು, ನೇರವಾಗಿ ಅವರ ಕೋಣೆಯ ಬಾಗಿಲಿಗೆ ಹೋಗಿ ಚಿಲಕವನ್ನು ಮೂಸಿದ್ದು ನೋಡಿ ಹೆಸರಿಟ್ಟವರೂ ಅವರೇ. ಚಿಲಕ.

ಮೊದಲ ಹತ್ತು ದಿನ ಬೀಗದಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಹೊರಗೆ ಕರೆದುಕೊಂಡು ಹೋದರೆ ಆಗುತ್ತದೆ, ನಾಯಿ ಎಂದ ಮೇಲೆ ಮರ ಕಂಡರೆ ಕಾಲೆತ್ತದೆ ಇರುತ್ತದೆಯೇ ಎಂದು ಅವಳು ಅಂದುಕೊಂಡಿದ್ದಳು. ಚಿಲಕ ಹೆಣ್ಣು, ಕಾಲೆತ್ತುವ ಮಾತೇ ಇರಲಿಲ್ಲ. ಅದಕ್ಕಿಂತ ಮೊದಲು ಅದಕ್ಕೆ ಮೆಟ್ಟಿಲು ಇಳಿಯಲು ಬರುತ್ತಿರಲಿಲ್ಲ. ಹದಿನಾಲ್ಕು ಕಿಲೋ ನಾಯಿಯನ್ನು ಎದೆಗವಚಿಕೊಂಡು ಇಳಿಸಿ, ಬೀದಿಯ ಕೊನೆಯ ನೀರಿನ ಟ್ಯಾಂಕಿನವರೆಗೆ ನಡೆಸಿ, ಅದರ ಸುತ್ತ ಇರುವ ಹುಲ್ಲಿನ ಮೇಲೆ ಬಿಟ್ಟರೆ, ಅದು ಬಿಸಿ ಬಾಣಲೆ ತುಳಿದಂತೆ ಒಂದೊಂದೇ ಪಾದ ಎತ್ತುತ್ತಿತ್ತು. ಲಾರಿ ಹಾರ್ನ್ ಹೊಡೆದರೆ ಅವಳ ಕಾಲ ಸಂದಿಗೆ ನುಗ್ಗುತ್ತಿತ್ತು. ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಒಮ್ಮೆ ಇಪ್ಪತ್ತೆರಡು ಗಂಟೆ ತಡೆದುಕೊಂಡಿತ್ತು. ಕೊನೆಗೆ ಸೋತು ಮನೆಗೆ ಬಂದು ಬಾಗಿಲು ತೆಗೆದರೆ, ಕಾಲೊರೆಸುವ ಚಾಪೆಯ ಮೇಲೆ ನಿಂತು, ಕಣ್ಣು ಅರ್ಧ ಮುಚ್ಚಿ, ನಿರಾಳವಾಗಿ ಎಲ್ಲವನ್ನೂ ಮುಗಿಸಿತು.

ಬೀದಿಯವರಿಗೆ ಇದೊಂದು ಬಿಟ್ಟಿ ಮನರಂಜನೆಯಾಯಿತು. ಚಪ್ಪಲಿ ಅಂಗಡಿಯವರು ಅವಳನ್ನು ಕಂಡಾಗಲೆಲ್ಲ "ಆಯ್ತಾ?" ಎಂದು ಕೇಳುತ್ತಿದ್ದರು. ನಾನು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಕ್ಕದ್ದಕ್ಕೆ ಶಿಕ್ಷೆಯೂ ಆಯಿತು. ಒಂದು ಮಧ್ಯಾಹ್ನ ಕೆಳಗಿಳಿಸಿದಾಗ ಚಿಲಕ ನನ್ನ ಅಂಗಡಿಗೆ ನುಗ್ಗಿ, ಅಂಟು ಆರಲೆಂದು ನೆಲದ ಮೇಲೆ ಚೌಕಚೌಕವಾಗಿ ಹರಡಿದ್ದ ಬಿಳಿ ಹಾಳೆಗಳನ್ನು ಕಂಡು, ತನಗಾಗಿಯೇ ಯಾರೋ ಹಾಸಿದ್ದಾರೆ ಎಂದುಕೊಂಡಿತು. ಮೂರು ದಿನದ ಕೆಲಸ ನೀರಾಯಿತು. ಬೀಗದಕ್ಕ ಬಂದು ನೋಡಿ, ನೆಲದ ಮೇಲೆ ಕೂತುಬಿಟ್ಟಳು. ಆಗ ನನಗೆ ನಗು ನಿಂತಿತು. ಡಾಕ್ಟರಮ್ಮನನ್ನು ಸರಿಯಾಗಿ ಕೇಳು, ಬೀಗ ರಿಪೇರಿ ಮಾಡುವಾಗ ಸಿಕ್ಕಿದ ಕಡೆ ಸುತ್ತಿಗೆಯಲ್ಲಿ ಹೊಡೆಯುತ್ತೀಯಾ, ಇಲ್ಲವಲ್ಲ ಎಂದೆ.

ಡಾಕ್ಟರಮ್ಮ ಹೇಳಿದ್ದು ಸರಳವಾಗಿತ್ತು, ಆದರೆ ತಾಳ್ಮೆ ಬೇಡುವಂಥದ್ದು. ಈ ನಾಯಿ ಹಟ ಮಾಡುತ್ತಿಲ್ಲ. ಆರು ವರ್ಷ ಒಳ್ಳೆಯ ನಾಯಿ ಎಂದು ಹೊಗಳಿಸಿಕೊಂಡದ್ದು ಮೆತ್ತಗಿನ, ಚೌಕಾಕಾರದ, ಮನೆಯೊಳಗಿನ ಒಂದು ವಸ್ತುವಿನ ಮೇಲೆ. ಅದರ ಪ್ರಕಾರ ಹುಲ್ಲಿನ ಮೇಲೆ ಮಾಡುವುದೇ ತಪ್ಪು. ಆದ್ದರಿಂದ ಮೊದಲು ಮನೆಯಲ್ಲಿರುವ ಚಾಪೆ, ಜಮಖಾನೆ, ಕಾಲೊರಸು ಎಲ್ಲವನ್ನೂ ಎತ್ತಿಡಿ. ಒದ್ದೆಯಾದ ಜಾಗವನ್ನು ಬರೀ ಫಿನಾಯಿಲ್ ಹಾಕಿ ಒರೆಸಿದರೆ ವಾಸನೆ ನಿಮಗೆ ಹೋಗುತ್ತದೆ, ಅದಕ್ಕೆ ಹೋಗುವುದಿಲ್ಲ. ವಾಸನೆಯನ್ನು ಬುಡಸಮೇತ ತೆಗೆಯುವ ದ್ರಾವಣ ಕೊಡುತ್ತೇನೆ. ಎದ್ದ ಕೂಡಲೇ, ಊಟವಾದ ಮೇಲೆ, ನಿದ್ದೆಯಾದ ಮೇಲೆ, ಇಲ್ಲದಿದ್ದರೆ ಮೂರು ಗಂಟೆಗೊಮ್ಮೆ, ಅದೇ ದಾರಿಯಲ್ಲಿ ಅದೇ ಜಾಗಕ್ಕೆ ಕರೆದುಕೊಂಡು ಹೋಗಿ. ಹೋಗುವಾಗ ಅದು ಬಳಸಿದ ಪ್ಯಾಡನ್ನೇ ತೆಗೆದುಕೊಂಡು ಹೋಗಿ ಹುಲ್ಲಿನ ಮೇಲೆ ಹಾಸಿ. ಮಾಡಿದರೆ ಅಲ್ಲೇ, ಆ ಕ್ಷಣವೇ ತಿನ್ನಲು ಏನಾದರೂ ಕೊಡಿ. ಮನೆಯಲ್ಲಿ ಮಾಡಿದರೆ ಬೈಯಬೇಡಿ. ಬೈದರೆ, ಮಾಡಬಾರದು ಎಂದು ಕಲಿಯುವುದಿಲ್ಲ. ನಿಮ್ಮ ಕಣ್ಣಿಗೆ ಬೀಳದಂತೆ ಮಾಡಬೇಕು ಎಂದು ಕಲಿಯುತ್ತದೆ.

ಅಂದಿನಿಂದ ಬೀಗದಕ್ಕ ಒಂದು ಕೈಯಲ್ಲಿ ನಾಯಿಯ ಹಗ್ಗ, ಇನ್ನೊಂದು ಕೈಯಲ್ಲಿ ಮಡಿಸಿದ ಪ್ಯಾಡ್ ಹಿಡಿದು ಬೀದಿಯಲ್ಲಿ ಹೋಗತೊಡಗಿದಳು. ಯಾರು ಏನೆಂದರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಟ್ಯಾಂಕಿನ ಹಿಂದೆ ಪ್ಯಾಡ್ ಹಾಸಿ, ಬೇರೆಲ್ಲೋ ನೋಡುತ್ತಾ ನಿಲ್ಲುತ್ತಿದ್ದಳು. ಮೂರನೇ ದಿನ ಚಿಲಕ ಅದರ ಮೇಲೆ ಹತ್ತಿ, ಸುತ್ತ ಮೂರು ಸಲ ತಿರುಗಿ, ಕೂತಿತು. ಆಮೇಲೆ ಅವಳು ಅಂಗಡಿಯ ತಗಡು ಕತ್ತರಿಸುವ ಕತ್ತರಿಯಿಂದ ಪ್ಯಾಡನ್ನು ದಿನಕ್ಕೆ ಎರಡು ಬೆರಳಿನಷ್ಟು ಕತ್ತರಿಸುತ್ತಾ ಬಂದಳು. ಪ್ಯಾಡ್ ಪುಸ್ತಕದಷ್ಟಾಯಿತು, ಅಂಗೈಯಷ್ಟಾಯಿತು. ಅಂಗೈಯಷ್ಟು ಪ್ಯಾಡಿಗೆ ಗುರಿ ಇಡಲು ಚಿಲಕ ಪಡುತ್ತಿದ್ದ ಪಾಡನ್ನು ಬೀಗದಕ್ಕ ನನಗೆ ಮಾಡಿ ತೋರಿಸಿದ್ದಾಳೆ. ಮುಕ್ಕಾಲು ಪಾಲು ಹುಲ್ಲಿಗೇ ಬೀಳುತ್ತಿತ್ತು. ಐದನೇ ವಾರದ ಒಂದು ಬೆಳಗ್ಗೆ ಪ್ಯಾಡನ್ನು ಮನೆಯಲ್ಲೇ ಬಿಟ್ಟು ಹೋದಳು. ಚಿಲಕ ಆ ಜಾಗವನ್ನು ಮೂಸಿತು, ಅವಳ ಮುಖ ನೋಡಿತು, ಮತ್ತೆ ಮೂಸಿ, ಬರೀ ಹುಲ್ಲಿನ ಮೇಲೆ ಕೂತಿತು. ಬೀಗದಕ್ಕ ಬೀದಿಯ ಆ ತುದಿಯಿಂದಲೇ ನನಗೆ ಎರಡೂ ಕೈ ಎತ್ತಿ ತೋರಿಸಿದಳು. ಚಪ್ಪಲಿ ಅಂಗಡಿಯವರು ಅಂದು ಇಬ್ಬರಿಗೂ ಚಹಾ ತರಿಸಿದರು.

ಮೇಲೆ ಕಿಟಕಿಯಲ್ಲಿದ್ದ ಅಪ್ಪ ಇದನ್ನೆಲ್ಲ ನೋಡುತ್ತಿದ್ದರು. ಮಗಳು ಕೆಲಸಕ್ಕೆ ಹೊರಗೆ ಹೋದಾಗ ಚಿಲಕ ಅವರ ಕುರ್ಚಿಯ ಕೆಳಗೆ ಮಲಗುತ್ತಿತ್ತು. ಅವರು ನಡುಗುವ ಕೈಯಿಂದ ಬಿಸ್ಕತ್ತು ಕೊಟ್ಟರೆ, ಅದು ಬಾಯಿ ತೆರೆದು ಕೈ ನಿಲ್ಲುವವರೆಗೆ ಕಾಯುತ್ತಿತ್ತಂತೆ.

ಹೀಗೆ ಎರಡು ತಿಂಗಳು ಚೆನ್ನಾಗಿ ನಡೆಯಿತು. ಚಿಲಕ ಮೆಟ್ಟಿಲು ಹತ್ತಿ ಇಳಿಯುವುದನ್ನೂ ಕಲಿಯಿತು. ಎತ್ತಿಟ್ಟಿದ್ದ ಜಮಖಾನೆ ಮತ್ತೆ ಹಾಲಿಗೆ ಬಂತು. ಆಮೇಲೆ ಒಂದು ದಿನ ಅಪ್ಪನ ಕೋಣೆಯಿಂದ ಬಚ್ಚಲಿಗೆ ಹೋಗುವ ಉದ್ದನೆಯ ದಾರಿಯಲ್ಲಿ ನೆಲ ಒದ್ದೆಯಾಗಿತ್ತು. ಬೀಗದಕ್ಕ ಒರೆಸಿದಳು, ಬೈಯಲಿಲ್ಲ. ನಾಲ್ಕು ದಿನ ಬಿಟ್ಟು ಜಮಖಾನೆಯ ಅಂಚು. ಆಮೇಲೆ ಮತ್ತೆ ಅದೇ ದಾರಿ. ಅವಳು ಜಮಖಾನೆ ಸುತ್ತಿಟ್ಟಳು, ಮೂರು ಗಂಟೆಯನ್ನು ಎರಡು ಗಂಟೆ ಮಾಡಿದಳು. ಅಂಗಡಿಯಲ್ಲಿ ಕೀಲಿಕೈ ಮಾಡಿಸಲು ಜನ ನಿಂತಿರುವಾಗಲೇ ಹಗ್ಗ ಹಿಡಿದು ಓಡುತ್ತಿದ್ದಳು. ಚಿಲಕ ಹೊರಗೆ ಎಲ್ಲವನ್ನೂ ಚಾಚೂ ತಪ್ಪದೆ ಮಾಡುತ್ತಿತ್ತು. ಆದರೂ ವಾರಕ್ಕೆ ಎರಡು ಸಲ, ಮೂರು ಸಲ ನೆಲ ಒದ್ದೆ. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ನೋಡಿ, ನಾಯಿಯ ಮೂತ್ರಕೋಶದಲ್ಲಿ ಏನೂ ತೊಂದರೆ ಇಲ್ಲ ಎಂದರು. ಅಪ್ಪನನ್ನು ಕೇಳಿದರೆ, ನಾನು ಕಿಟಕಿ ಕಡೆ ನೋಡುತ್ತಿದ್ದೆ, ಗೊತ್ತಾಗಲಿಲ್ಲ, ನಿನ್ನ ನಾಯಿಯೇ ಇರಬೇಕು, ಇನ್ಯಾರು ಎನ್ನುತ್ತಿದ್ದರು.

ಅದೇ ದಿನಗಳಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. ಬದುಕಿನಲ್ಲಿ ಒಂದು ಲೋಟ ತೊಳೆದು ಗೊತ್ತಿಲ್ಲದ ಅಪ್ಪ ತಮ್ಮ ಪೈಜಾಮಗಳನ್ನು ತಾವೇ ಒಗೆದು ಹಿಂದಿನ ತಂತಿಗೆ ಹಾಕತೊಡಗಿದ್ದರು. ಕೈಗೆ ವ್ಯಾಯಾಮ ಆಗುತ್ತದೆ ಎಂದು ಹೇಳಿದರು. ಬೀಗದಕ್ಕ ಇದನ್ನು ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಳು. ನಾನೂ ಮೆಚ್ಚಿದೆ. ಇಬ್ಬರು ಹೆಂಗಸರು, ಇಬ್ಬರಿಗೂ ಕಣ್ಣು ನೆಟ್ಟಗಿದೆ. ಒಬ್ಬಳಿಗಂತೂ ಬೀಗದ ತೂತಿನ ಗೀರು ನೋಡಿ ಯಾವ ಕೈಯವನು ತೆಗೆಯಲು ನೋಡಿದ ಎಂದು ಹೇಳುವಷ್ಟು ಸೂಕ್ಷ್ಮ. ಆದರೂ ಹೊಳೆಯಲಿಲ್ಲ.

ಒಂದು ದಿನ ತಂಗಿ ಬಂದಳು. ಒಳಗೆ ಕಾಲಿಡುವಾಗಲೇ ಮೂಗು ಮುರಿದಳು. ಅಪ್ಪನ ವಯಸ್ಸಿನವರು ಇರುವ ಮನೆಯಲ್ಲಿ ಈ ವಾಸನೆ ಏನು, ಒದ್ದೆ ನೆಲದಲ್ಲಿ ಜಾರಿ ಬಿದ್ದರೆ ಯಾರು ಹೊಣೆ, ಕಟ್ಟಡಕ್ಕೆ ಬೀಗ ತೆಗೆಯಲು ಹೋಗಿ ನೀನೇ ನೋಡಿಲ್ಲವೇ ಸೊಂಟ ಮುರಿದವರನ್ನು ಎಂದು ಕೇಳಿದಳು. ಅವಳು ಕೆಟ್ಟವಳಲ್ಲ, ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಅಪ್ಪ ಬೀದಿಯ ಕಡೆ ತಿರುಗಿ ಕೂತರು.

ಮಾರನೆಯ ದಿನ ಮತ್ತೆ ನೆಲ ಒದ್ದೆಯಾಯಿತು. ಅಂದು ಬೀಗದಕ್ಕ ಬೈದಳು. ಡಾಕ್ಟರಮ್ಮ ಹೇಳಿದ್ದೆಲ್ಲ ಮರೆತು, ಚಿಲಕದ ಕತ್ತಿನ ಪಟ್ಟಿ ಹಿಡಿದು ಎಳೆದುಕೊಂಡು ಹೋಗಿ ಒದ್ದೆಯನ್ನು ತೋರಿಸಿ ಬೈದು, ಬಚ್ಚಲಲ್ಲಿ ಕೂಡಿಹಾಕಿ ಹೊರಗಿನಿಂದ ಬಾಗಿಲು ಹಾಕಿದಳು. ಒಳಗಿಂದ ಅಳುವುದಿಲ್ಲ, ಕೆರೆಯುವುದಿಲ್ಲ, ಏನೂ ಇಲ್ಲ. ಒಂದು ಗಂಟೆಯ ನಂತರ ತೆಗೆದರೆ ಚಿಲಕ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು. ಆಮೇಲೆ ಅವಳು ಹತ್ತಿರ ಹೋದರೆ ಬಾಲ ಮುದುರಿ ಮೈ ಕುಗ್ಗಿಸಿಕೊಳ್ಳುತ್ತಿತ್ತು. ಅದನ್ನು ನೋಡಲಾರದೆಯೇ ಅವಳು ಡಾಕ್ಟರಮ್ಮನಿಗೆ ಫೋನ್ ಮಾಡಿದ್ದು. ನನ್ನ ಕೈಲಾಗುವುದಿಲ್ಲ, ನಾನೇ ಕೆಟ್ಟವಳಾಗುತ್ತಿದ್ದೇನೆ, ವಾಪಸ್ ತೆಗೆದುಕೊಳ್ಳಿ ಎಂದಳು. ಅವರು ಭಾನುವಾರ ಹನ್ನೊಂದು ಗಂಟೆಗೆ ತಾವೇ ಬರುತ್ತೇನೆ ಎಂದರು.

ಭಾನುವಾರ ಬೆಳಗ್ಗೆ ಬೀಗದಕ್ಕ ಚಿಲಕದ ಬಟ್ಟಲು, ಹಗ್ಗ, ಹೊದಿಕೆ, ಉಳಿದಿದ್ದ ಒಂದು ಪೊಟ್ಟಣ ಪ್ಯಾಡ್ ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಳು. ಅಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ನಾಯಿ ಹೋಗುತ್ತದೆ ಎಂದು ಬೇಸರ ಇರಬೇಕು ಅಂದುಕೊಂಡಿದ್ದಳು. ಸುಮಾರು ಹತ್ತು ಗಂಟೆಗೆ ಅವರು ಗೋಡೆ ಹಿಡಿದುಕೊಂಡು ಕೋಣೆಯಿಂದ ಹೊರಬಂದು, ಆ ಉದ್ದನೆಯ ದಾರಿಯ ನಡುವೆ ನಿಂತರು.

"ಆ ಚೀಲ ಬಿಚ್ಚು" ಎಂದರು.

"ಅಪ್ಪ, ಮತ್ತೆ ಶುರು ಮಾಡಬೇಡ. ಡಾಕ್ಟರಮ್ಮ ಹೊರಟಿರ್ತಾರೆ."

"ಅದಲ್ಲ ಕಣೇ ಮಾಡಿದ್ದು. ನಾನು."

ಬೀಗದಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಏನು ನೀನು ಎಂದು ಕೇಳುತ್ತಾ ತಿರುಗಿದಳಂತೆ. ಅಪ್ಪ ಅವಳ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು.

"ಬರುತ್ತೆ ಅಂತ ಗೊತ್ತಾಗೋದೂ ಬರೋದೂ ಒಟ್ಟಿಗೇ ಆಗುತ್ತೆ. ಬಚ್ಚಲು ತಲುಪೋಕಾಗಲ್ಲ. ಮೊದಲನೇ ಸಲ ನೀನೇ ನಾಯಿ ಅಂದುಕೊಂಡೆ. ನಾನು ಸುಮ್ಮನಿದ್ದೆ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ. ಅವತ್ತು ಅದನ್ನ ಬಚ್ಚಲಲ್ಲಿ ಹಾಕಿದಾಗಲೇ ಹೇಳಬೇಕಿತ್ತು. ಬಾಗಿಲ ಹೊರಗೆ ಬಂದು ನಿಂತಿದ್ದೆ. ಚಿಲಕ ತೆಗೆಯೋಕೆ ಕೈ ಎತ್ತಿದೆ. ತೆಗೆದರೆ ನೀನು ಯಾಕೆ ಅಂತೀಯ, ಏನು ಹೇಳಲಿ ಅಂತ ಹಾಗೇ ವಾಪಸ್ ಹೋಗಿ ಕೂತೆ."

ಇಷ್ಟು ಹೇಳಿ ಅವರು ಅಳಲಿಲ್ಲ. ಅಳುವ ಮನುಷ್ಯರಲ್ಲ. ಬೀಗದಕ್ಕನಿಗೆ ಎಲ್ಲವೂ ಒಂದೇ ಏಟಿಗೆ ತೆರೆದುಕೊಂಡಿತು: ತಂತಿಯ ಮೇಲಿನ ಪೈಜಾಮಗಳು, ಅವರ ಕೋಣೆಯಿಂದ ಬಚ್ಚಲಿನವರೆಗಿನ ದಾರಿ, ಮಧ್ಯಾಹ್ನ ನೀರು ಕುಡಿಯುವುದನ್ನು ಅವರು ಬಿಟ್ಟದ್ದು, ತಂಗಿ ಬಂದ ದಿನ ತಿರುಗಿ ಕೂತದ್ದು. ಎರಡು ಗಂಟೆಗೊಮ್ಮೆ ನಾಯಿಯ ಹಿಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿರುಗಿದವಳು ಒಂದು ಸಲವೂ ಅಪ್ಪನ ಕಡೆ ನೋಡಿರಲಿಲ್ಲ. ಹೋಗಿ ಅವರ ತೋಳು ಹಿಡಿದಳು. ಅವರು ಕೊಡವಿಕೊಳ್ಳಲಿಲ್ಲ. ಇಬ್ಬರೂ ಹಾಗೇ ನಡೆದು ಕುರ್ಚಿಯವರೆಗೆ ಹೋದರು. ಆಮೇಲೆ ಅವಳು ಬಂದು, ಚೀಲ ಬಿಚ್ಚಿ, ಬಟ್ಟಲನ್ನು ಇದ್ದ ಜಾಗದಲ್ಲೇ ಇಟ್ಟು, ನೆಲದ ಮೇಲೆ ಕೂತು ಚಿಲಕವನ್ನು ಕರೆದಳು. ಅದು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂತು.

ಹನ್ನೊಂದಕ್ಕೆ ಡಾಕ್ಟರಮ್ಮ ಬಂದಾಗ ಬೀಗದಕ್ಕ ಬಾಗಿಲಲ್ಲಿ ನಿಂತಿದ್ದಳು. ಕುರ್ಚಿಯಿಂದ ಅಪ್ಪನೇ ಮಾತು ತೆಗೆದರು. "ಡಾಕ್ಟ್ರೇ, ನಾಯಿದೇನೂ ತಪ್ಪಿಲ್ಲ. ನಿಮ್ಮಲ್ಲಿ ಮನುಷ್ಯರನ್ನೂ ನೋಡ್ತೀರಾ?" ಎಂದರು. ಡಾಕ್ಟರಮ್ಮನಿಗೆ ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೆ ಅವರು ನಗಲೂ ಇಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಪಕ್ಕದಲ್ಲಿ ಕೂತು, ಎಷ್ಟು ದಿನದಿಂದ, ಉರಿ ಇದೆಯಾ, ಸರಿಯಾಗಿ ಖಾಲಿಯಾಗುತ್ತದಾ ಎಂದು ನಾಯಿಗೆ ಸಂಬಂಧಿಸಿದ್ದನ್ನು ಕೇಳುವಂತೆಯೇ ಕೇಳಿದರು. ಇದು ವಯಸ್ಸಾದ ಗಂಡಸರಲ್ಲಿ ಬಹಳ ಜನಕ್ಕೆ ಆಗುವಂಥದ್ದು, ಬಚ್ಚಿಟ್ಟುಕೊಂಡು ಕೂರುವ ಕಾಯಿಲೆಯಲ್ಲ ಎಂದು ಹೇಳಿ, ತಮಗೆ ಗೊತ್ತಿದ್ದ ವೈದ್ಯರೊಬ್ಬರ ವಿಳಾಸ ಬರೆದುಕೊಟ್ಟರು. ಚಹಾ ಕುಡಿದು, ಚಿಲಕದ ತಲೆ ಸವರಿ, ಬರಿಗೈಯಲ್ಲಿ ಹೋದರು.

ಆ ವೈದ್ಯರು ಪರೀಕ್ಷೆ ಮಾಡಿ ಮಾತ್ರೆ ಕೊಟ್ಟರು. ನೀರು ಕುಡಿಯುವುದನ್ನು ಬಿಡಬೇಡಿ, ಬರುವ ಮೊದಲೇ ಗಂಟೆ ನೋಡಿಕೊಂಡು ಹೋಗಿಬನ್ನಿ ಎಂದರು. ಎದ್ದ ಕೂಡಲೇ, ಊಟವಾದ ಮೇಲೆ, ಇಲ್ಲದಿದ್ದರೆ ಎರಡು ಮೂರು ಗಂಟೆಗೊಮ್ಮೆ. ಅದನ್ನು ಕೇಳಿ ಬೀಗದಕ್ಕ ನಾಲಿಗೆ ಕಚ್ಚಿಕೊಂಡು ನಗು ತಡೆದಳಂತೆ. ಅಪ್ಪನಿಗೆ ಆ ತೊಂದರೆ ಇರಲಿಲ್ಲ. "ಇದೆಲ್ಲ ನಮ್ಮನೆ ನಾಯಿಗೆ ಆಗಲೇ ಪಾಠ ಆಗಿದೆ, ನಾನು ಅದರ ಹತ್ತಿರ ಕಲೀತೀನಿ" ಎಂದು ವೈದ್ಯರಿಗೇ ಹೇಳಿದರು. ಮನೆಗೆ ಬಂದ ಮೇಲೆ ಕೋಣೆಗಳನ್ನು ಅದಲುಬದಲು ಮಾಡಿಕೊಂಡರು. ಬಚ್ಚಲ ಪಕ್ಕದ ಮಗಳ ಕೋಣೆ ಅಪ್ಪನದಾಯಿತು. ಆ ದಾರಿಯ ಗೋಡೆಗೂ ಕೆಳಗಿಳಿಯುವ ಮೆಟ್ಟಿಲಿಗೂ ಬೀಗದಕ್ಕ ಕೈ ಹಿಡಿಯಲು ಕಬ್ಬಿಣದ ಸರಳು ಕೂರಿಸಿದಳು. ತಂಗಿಗೆ ಫೋನ್ ಮಾಡಿ ಹೇಳಿದ್ದು ಅಪ್ಪನೇ. ಅವಳು ಮುಂದಿನ ವಾರ ಬರುವಾಗ ಚಿಲಕಕ್ಕೆಂದೇ ಒಂದು ಡಬ್ಬಿ ತುಂಬ ಬಿಸ್ಕತ್ತು ತಂದಳು.

ಒಂದು ಎಡವಟ್ಟು ಮಾತ್ರ ಆಯಿತು. ಉಳಿದಿದ್ದ ಪೊಟ್ಟಣ ಪ್ಯಾಡ್ ವ್ಯರ್ಥವಾಗುವುದೇಕೆ ಎಂದು ಅಪ್ಪನ ಹಾಸಿಗೆಯ ಮೇಲೆ ಎರಡನ್ನು ಹಾಸಿದರು. ಮಧ್ಯಾಹ್ನ ಚಿಲಕ ಒಳಗೆ ಬಂದು ನೋಡಿತು. ಹೊರಗೆ ಹುಲ್ಲಿನ ಮೇಲೆ ಮಾಡು ಎಂದು ಐದು ವಾರ ತಲೆ ತಿಂದ ಜನ ಮನೆಯೊಳಗೇ, ಅದೂ ಮಂಚದ ಮೇಲೆ ಪ್ಯಾಡ್ ಹಾಸಿದ್ದಾರೆ. ಅದು ಮಂಚ ಹತ್ತಿ, ಸುತ್ತ ಮೂರು ಸಲ ತಿರುಗಿತು. ಅಪ್ಪ ಕುರ್ಚಿಯಿಂದ ಕೂಗಿದ ಕೂಗು ನನ್ನ ಅಂಗಡಿಗೆ ಕೇಳಿಸಿತು. ಸಮಯಕ್ಕೆ ಸರಿಯಾಗಿ ಬೀಗದಕ್ಕ ಎತ್ತಿಕೊಂಡು ಕೆಳಗೆ ಓಡಿದಳು. ಅಂದಿನಿಂದ ಪ್ಯಾಡ್ ಮೇಲೆ ದಪ್ಪ ಹಾಸಿನ ಹೊದಿಕೆ ಬಂತು.

ಎಲ್ಲ ಸರಿಹೋಯಿತು ಎಂದು ಬರೆದರೆ ತಪ್ಪಾಗುತ್ತದೆ. ಮಾತ್ರೆಯಿಂದ ಬಹಳಷ್ಟು ಕಡಿಮೆಯಾಯಿತು. ಆದರೂ ತಿಂಗಳಿಗೆ ಒಂದೆರಡು ಸಲ ನೆಲ ಒದ್ದೆಯಾಗುತ್ತದೆ. ಆಗ ಅಪ್ಪ ಒಳಗಿನಿಂದ "ಬಾರೇ, ನೋಡು, ಚಿಲಕ ಏನು ಮಾಡಿದೆ" ಎಂದು ಕರೆಯುತ್ತಾರೆ. ಬೀಗದಕ್ಕ ಬಂದು, ಹೌದಲ್ಲ, ಎಷ್ಟು ಹೇಳಿದರೂ ಕಲಿಯುವುದಿಲ್ಲ ನೋಡು ಎನ್ನುತ್ತಾ ಒರೆಸುತ್ತಾಳೆ. ಚಿಲಕ ಕುರ್ಚಿಯ ಕೆಳಗಿಂದ ಇಬ್ಬರನ್ನೂ ನೋಡುತ್ತದೆ. ಬೀಗದಕ್ಕನಿಗೆ ಈಗಲೂ ಕೊರೆಯುವುದು ಆ ಒಂದು ಗಂಟೆ, ಬಚ್ಚಲಿನ ಗೋಡೆಗೆ ಮುಖ ಮಾಡಿ ಕೂತ ನಾಯಿ. ಅದು ಮರೆತಿರಬಹುದು ಕಣೇ ಎಂದು ನಾನು ಹೇಳಿದರೆ, ಅದು ಮರೆತರೆ ಆಯಿತಾ ಎನ್ನುತ್ತಾಳೆ.

ಇದನ್ನು ಬರೆಯಲೇ ಎಂದು ಅಪ್ಪನನ್ನು ನಾನೇ ಹೋಗಿ ಕೇಳಿದೆ. ಬೇಡ ಎನ್ನುತ್ತಾರೆ ಎಂದುಕೊಂಡೇ ಹೋಗಿದ್ದೆ. "ಬರಿ. ಎಷ್ಟು ಜನ ಮುದುಕರು ನಾಯಿ ಮೇಲೆ ಹಾಕಿ ಕೂತಿದ್ದಾರೋ ಯಾರಿಗೆ ಗೊತ್ತು" ಎಂದರು.

ಕಳೆದ ವಾರ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಚಿಲಕ ಹುಲ್ಲನ್ನು ಒಪ್ಪಿಕೊಂಡಿದೆ, ಒದ್ದೆ ಹುಲ್ಲನ್ನು ಇನ್ನೂ ಒಪ್ಪಿಕೊಂಡಿಲ್ಲ. ಒಂದು ಬೆಳಗ್ಗೆ ಬೀಗದಕ್ಕ ಯಾರದೋ ಕಾರಿನ ಬಾಗಿಲು ತೆಗೆಯಲು ದೂರ ಹೋಗಿದ್ದಳು. ನಾನು ಅಂಗಡಿಯ ಶಟರ್ ಎತ್ತುತ್ತಿದ್ದಾಗ, ಎದುರಿನ ಮೆಟ್ಟಿಲಿನಿಂದ ಅಪ್ಪ ಇಳಿದುಬಂದರು. ಒಂದು ಕೈಯಲ್ಲಿ ಛತ್ರಿ, ಮಣಿಕಟ್ಟಿಗೆ ಸುತ್ತಿದ ಹಗ್ಗ. ಬರಲೇ ಎಂದು ಕೇಳಿದ್ದಕ್ಕೆ ಬೇಡ ಎಂದು ತಲೆಯಾಡಿಸಿ, ಗೋಡೆಯ ಪಕ್ಕದಲ್ಲೇ ನಿಧಾನಕ್ಕೆ ಟ್ಯಾಂಕಿನ ಕಡೆ ನಡೆದರು. ಅಲ್ಲಿ ಛತ್ರಿಯನ್ನು ಬಗ್ಗಿಸಿ ನಾಯಿಯ ಮೇಲೆ ಹಿಡಿದು, ತಾವು ಅರ್ಧ ನೆನೆಯುತ್ತಾ, ಬೇರೆಲ್ಲೋ ನೋಡುತ್ತಾ ನಿಂತರು. ಇಪ್ಪತ್ತು ನಿಮಿಷವಾದರೂ ನಿಂತೇ ಇದ್ದರು. ವಾಪಸ್ ಬರುವಾಗ ಚಪ್ಪಲಿ ಅಂಗಡಿಯವರು ಎಂದಿನಂತೆ ಆಯ್ತಾ ಎಂದು ಕೇಳಿದರು.

"ಒಂದೂ ಆಯ್ತು, ಎರಡೂ ಆಯ್ತು" ಎಂದರು ಅಪ್ಪ. ಆಮೇಲೆ ಛತ್ರಿ ಮಡಚಿ, ಸರಳು ಹಿಡಿದುಕೊಂಡು, ಚಿಲಕ ಮುಂದೆ ಅವರು ಹಿಂದೆ, ಸ್ವಲ್ಪ ಅವಸರದಿಂದಲೇ ಮೆಟ್ಟಿಲು ಹತ್ತಿದರು.